ತಾವಾಗಿಯೇ ಆರಾರು ಜನ

ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಫಾಯಿಲ್ ಮಾಮ ಎಂದು ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿಕೊಂಡು ಬಂದದ್ದರಿಂದ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಕೆಲಸ ಇಷ್ಟೇ. ಆಳೆತ್ತರದ ಒಂದು ಉಕ್ಕಿನ ಪೆಟ್ಟಿಗೆ. ಮೈತುಂಬ ದುಂಡು ಗಾಜಿನ ಕಿಟಕಿಗಳು, ಕೊಳವೆಗಳು, ಬೋಲ್ಟುಗಳು. ಅದರೊಳಗೆ ಗಾಳಿ ಇರಕೂಡದು. ಇರಕೂಡದು ಎಂದರೆ ಹೆಸರಿಗೂ ಇರಕೂಡದು. ಪಂಪುಗಳು ಗಾಳಿಯನ್ನೇನೋ ಎಳೆದು ಹಾಕುತ್ತವೆ. ಆದರೆ ಗೋಡೆಗೆ ಅಂಟಿಕೊಂಡ ತೇವ ಮಾತ್ರ ಮದುವೆಮನೆಯಲ್ಲಿ ಉಳಿದ ದೂರದ ನೆಂಟನಂತೆ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ಅದನ್ನು ಹೊರಡಿಸಲು ಪೆಟ್ಟಿಗೆಗೆ ಬಿಸಿಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಮ್ ಫಾಯಿಲ್ ಹಾಳೆ ಹೊದಿಸಿ, ಎರಡು ದಿನ ಬೇಯಿಸಬೇಕು. ಹಾಳೆಯ ಒಂದು ಮಡಿಕೆ ಸಡಿಲಾದರೂ ಅಲ್ಲಿ ತಣ್ಣಗಾಗಿ ಎರಡು ದಿನದ ಕೆಲಸ ನೀರುಪಾಲು. ಮಾಮ ಸುತ್ತಿದ ಹಾಳೆಯಲ್ಲಿ ಸಡಿಲ ಮಡಿಕೆ ಇರುತ್ತಿರಲಿಲ್ಲ. ಬೇರೆ ಸಂಸ್ಥೆಗಳ ಪ್ರೊಫೆಸರುಗಳು ಬಂದು ಆ ಮಡಿಕೆಗಳನ್ನು ಬೆರಳಿಂದ ಮುಟ್ಟಿ ನೋಡಿ ಹೋದದ್ದುಂಟು.

ದುಃಖದ ಸಂಗತಿ ಎಂದರೆ ಈ ಹಿರಿಮೆಯನ್ನು ಪ್ರಯೋಗಾಲಯದ ಬಾಗಿಲಿನಾಚೆ ವಿವರಿಸುವಂತಿರಲಿಲ್ಲ. ಅಕ್ಕಪಕ್ಕದವರು ಕೇಳಿದರೆ ಅವರ ಹೆಂಡತಿ, ಅದೂ ಅಡುಗೆಮನೆ ಕೆಲಸದ ಥರವೇ, ಪಾತ್ರೆ ದೊಡ್ಡದು ಅಷ್ಟೆ ಎಂದು ಮುಗಿಸಿಬಿಡುತ್ತಿದ್ದರು.

ಆ ಪೆಟ್ಟಿಗೆಯೊಳಗೆ ನಡೆಯುತ್ತಿದ್ದದ್ದು ಮಾತ್ರ ಅಡುಗೆಯಲ್ಲ. ಉಗುರಿನಗಲದ ಸಿಲಿಕಾನ್ ಬಿಲ್ಲೆಯೊಂದನ್ನು ಕೆಂಪಗೆ ಕಾಯಿಸಿ, ಕೊಳೆಯೆಲ್ಲ ಹಾರಿಸಿ, ಅದರ ಮೇಲೆ ಇಂಡಿಯಮ್ ಎಂಬ ಲೋಹದ ಆವಿಯನ್ನು ತೀರ ನಿಧಾನವಾಗಿ ಬಿಡುತ್ತಿದ್ದರು. ಲೋಹದ ಪರಮಾಣುಗಳು ಬಂದು ಬೀಳುತ್ತವೆ, ಅತ್ತಿತ್ತ ಅಲೆಯುತ್ತವೆ, ಎಲ್ಲ ಸರಿಯಾಗಿದ್ದರೆ ಆರಾರು ಸೇರಿ ಗುಂಪು ಕಟ್ಟಿಕೊಂಡು ನೆಟ್ಟಗೆ ಸಾಲು ಸಾಲಾಗಿ ನೆಲೆಸುತ್ತವೆ. ಯಾರೂ ಕೈಹಾಕಿ ಜೋಡಿಸುವುದಿಲ್ಲ. ಅಷ್ಟು ಸಣ್ಣ ಕೈ ಯಾರಿಗೂ ಇಲ್ಲ. ನಾಲ್ಕು ತಿಂಗಳಿಂದ ಅವು ಸಾಲಾಗದೆ ಅಲ್ಲಲ್ಲಿ ಗುಡ್ಡೆ ಬಿದ್ದು, ಪ್ರೊಫೆಸರ್ ಮೇಡಂ ಕನ್ನಡಕ ತೆಗೆದು ಹಾಕಿ, ಹಾಕಿ ತೆಗೆದು, ಅದರ ಕಾಲು ಸಡಿಲವಾಗಿಬಿಟ್ಟಿತ್ತು. ಒಂದು ಶನಿವಾರ ಮಧ್ಯಾಹ್ನ, ಬಿಲ್ಲೆಯನ್ನು ಸೂಜಿಮೊನೆಯಿಂದ ತಡವಿ ನೋಡುವ ಯಂತ್ರದ ಪರದೆಯ ಮೇಲೆ ಒಂದೊಂದೇ ಗೆರೆ ಮೂಡುತ್ತ ಹೋಗಿ, ಕೊನೆಗೆ ಜೇನುಗೂಡಿನಷ್ಟು ಅಚ್ಚುಕಟ್ಟಾದ ಸಾಲುಗಳು ಕಾಣಿಸಿದವು. ಮೇಡಂ ಎದ್ದು ಬಂದರು. ಮಾಮನ ಕೈ ಹಿಡಿದು ಜೋರಾಗಿ ಕುಲುಕಿದರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ಮಾಮ ಪರಮಾಣುಗಳನ್ನು ಬಹುವಚನದಲ್ಲಿ, ಮರ್ಯಾದೆಯಿಂದ, ಮನುಷ್ಯರ ಲೆಕ್ಕದಲ್ಲಿ ಮಾತಾಡಿಸುತ್ತಿದ್ದರು. ಬಂದರು, ಕೂತರು, ಇವತ್ತು ಯಾಕೋ ಮುನಿಸಿಕೊಂಡಿದ್ದಾರೆ ಎನ್ನುವರು. ಇಷ್ಟು ವರ್ಷ ಜೊತೆಯಲ್ಲಿದ್ದವರನ್ನು ಅದು ಇದು ಎನ್ನಲು ಅವರಿಗೆ ನಾಲಿಗೆ ಬರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆಗಿದ್ದು ಮರುದಿನ, ಮನೆಯಲ್ಲಿ, ಊಟದ ಮೇಜಿನ ಮುಂದೆ.

ಭಾನುವಾರ ಊಟಕ್ಕೆ ಬಂದಿದ್ದವರು ಅವರ ಹೆಂಡತಿಯ ಅಣ್ಣ. ವಾಹನ ಪರವಾನಗಿ ಕಚೇರಿಯಲ್ಲಿ ಮೇಲ್ವಿಚಾರಕರು. ಈ ಭಾವ ಊಟಕ್ಕೆ ಬಂದರೆ ಅನ್ನಕ್ಕಿಂತ ಮುಂಚೆ ತಮ್ಮ ಕಚೇರಿಯ ಜನಜಂಗುಳಿಯನ್ನು ಬಡಿಸುತ್ತಿದ್ದರು. ಅವತ್ತಿನ ಕಥೆ ಗಂಭೀರವಾಗಿತ್ತು. ನೂಕುನುಗ್ಗಲಿನಲ್ಲಿ ಮೂರನೇ ಕೌಂಟರಿನ ಗಾಜು ಆ ವರ್ಷ ಮೂರನೆಯ ಸಲ ಒಡೆದಿತ್ತು. ಹೊಸದಾಗಿ ಬಂದ ಮುಖ್ಯಾಧಿಕಾರಿಗಳು, ನಾಲ್ಕನೆಯ ಸಲ ಒಡೆದರೆ ನೀವು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಎಂದು ಭಾವನಿಗೆ ಹೇಳಿದ್ದರು. ಅಲ್ಲಿ ಈಗಾಗಲೇ ಒಬ್ಬರಿದ್ದರು. ನಾಲ್ಕು ವರ್ಷದಿಂದ ಅವರು ಮೇಲೆ ಬಂದದ್ದೇ ಇಲ್ಲ ಎಂದು ಭಾವ ತುತ್ತು ನುಂಗಲಾರದೆ ಹೇಳಿದರು.

ಮಾಮನಿಗೆ ಮಾತ್ರ ಶನಿವಾರದ ಸಂತೋಷ ಇನ್ನೂ ಇಳಿದಿರಲಿಲ್ಲ. ಯಾರಾದರೂ ನಿಮ್ಮ ಕಡೆ ಹೇಗೆ ಎಂದು ಕೇಳಿಯಾರೆಂದು ಕಾದರು. ಯಾರೂ ಕೇಳಲಿಲ್ಲ. ಕೊನೆಗೆ ತಾವೇ ಬಾಯಿಬಿಟ್ಟರು.

"ನಮ್ಮಲ್ಲಿ ನಿನ್ನೆ ಎಲ್ಲರೂ ತಾವಾಗೇ ಕೂತ್ರು ಭಾವ. ಆರಾರು ಜನ ಒಂದೊಂದು ಗುಂಪು. ಸಾಲು ಅಂದ್ರೆ ದಾರ ಹಿಡಿದ ಹಾಗೆ ಸಾಲು."

ಭಾವನ ಕೈ ಬಾಯಿಯ ಹತ್ತಿರ ನಿಂತಿತು. ಎಷ್ಟು ಜನ ಎಂದು ಕೇಳಿದರು. ಲೆಕ್ಕ ಇಟ್ಟವರಿಲ್ಲ ಎಂದರು ಮಾಮ. ಕಾವಲಿನವರು ಎಷ್ಟು ಮಂದಿ? ಒಬ್ಬರೂ ಇಲ್ಲ. ಹಗ್ಗ, ಕಂಬಿ, ಟೋಕನ್ನು? ಏನೂ ಇಲ್ಲ.

"ಮತ್ತೆ ಹೇಗೆ ಕೂತ್ರು?"

"ನೆಲ ಚೊಕ್ಕಟವಾಗಿರ್ಬೇಕು. ಸ್ವಲ್ಪ ಬೆಚ್ಚಗಿರ್ಬೇಕು. ಒಬ್ಬೊಬ್ಬರನ್ನೇ ನಿಧಾನಕ್ಕೆ ಒಳಗೆ ಬಿಡ್ಬೇಕು. ಮಿಕ್ಕಿದ್ದು ಅವರೇ ನೋಡ್ಕೋತಾರೆ."

ಭಾವ ಎಡಗೈಯಿಂದ ಜೇಬಿನ ಪುಸ್ತಕ ತೆಗೆದು ಇದನ್ನೆಲ್ಲ ಬರೆದುಕೊಂಡರು. ತಮ್ಮ ಮಾತನ್ನು ಒಬ್ಬ ನೆಂಟ ಬರೆದುಕೊಳ್ಳುವುದನ್ನು ಮಾಮ ಜೀವಮಾನದಲ್ಲಿ ಮೊದಲ ಸಲ ನೋಡಿದರು. ಆ ಸುಖದಲ್ಲಿ, ಇದೆಲ್ಲ ಮುಖ್ಯವಾಗಿ ನನ್ನ ಮೇಲೇ ನಿಂತಿದೆ ಎಂದೂ ಒಂದು ಮಾತು ಸೇರಿಸಿದರು. ಮುಂದಿನ ಅನಾಹುತಕ್ಕೆಲ್ಲ ಈ ಒಂದು ವಾಕ್ಯವೇ ಹೊಣೆ.

ಮಂಗಳವಾರ ಪ್ರೊಫೆಸರ್ ಮೇಡಂಗೆ ಮೊಹರು ಹಾಕಿದ ಪತ್ರ ಬಂತು. ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳ ಪತ್ರ. ತಮ್ಮಲ್ಲಿ ಸ್ವಯಂ ಸಾಲುಗೂಡುವಿಕೆಯ ವಿಷಯದಲ್ಲಿ ಪರಿಣತರೊಬ್ಬರಿದ್ದಾರೆಂದು ತಿಳಿದು ಸಂತೋಷವಾಗಿದೆ. ಅವರನ್ನು ಗುರುವಾರ ನಮ್ಮ ಸಭಾಂಗಣಕ್ಕೆ ಕಳುಹಿಸಿಕೊಟ್ಟರೆ ಸಾರ್ವಜನಿಕರಿಗೆ ಬಹಳ ಉಪಕಾರವಾದೀತು ಎಂದು ಅದರಲ್ಲಿತ್ತು. ಮೇಡಂ ಅದನ್ನು ಎರಡು ಸಲ ಓದಿದರು. ಹಣ ಕೊಡುವ ಇಲಾಖೆಯವರು ಐದು ವರ್ಷದಿಂದ, ನಿಮ್ಮ ಸಂಶೋಧನೆಯನ್ನು ಜನಸಾಮಾನ್ಯರಿಗೆ ತಲುಪಿಸಿ ಎಂದು ಬಡಕೊಳ್ಳುತ್ತಿದ್ದರು. ಜನಸಾಮಾನ್ಯರೇ ಪತ್ರ ಬರೆದು ಕರೆಯುತ್ತಾರೆಂದು ಮೇಡಂ ಕನಸಲ್ಲೂ ಎಣಿಸಿರಲಿಲ್ಲ. ಮಾಮನನ್ನು ಕರೆದು, ಒಂದು ಗಂಟೆ ಮಾತಾಡಿ, ಕಷ್ಟದ ಶಬ್ದ ಬೇಡ, ಶನಿವಾರದ ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು ಹೋಗಿ ಎಂದರು. ತಮಗೆ ಬಿಡುವಾದರೆ ಹಿಂದಿನ ಸಾಲಿನಲ್ಲಿ ಬಂದು ಕೂರುವೆನೆಂದೂ ಹೇಳಿದರು.

ಮಾಮ ಅಂದು ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದರು. ಬುಧವಾರ ಸಂಜೆಯೆಲ್ಲ ಹೆಂಡತಿಯ ಎದುರು ಭಾಷಣ ನಡೆಯಿತು. ಕಿಟಕಿ ತೆರೆದಿದ್ದರಿಂದ ಕೆಳಗಿನ ಮನೆಯ ಡ್ರಿಲ್ ಮಾಸ್ತರೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಕೇಳಿದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ. ಭಾಷಣ ಕೇಳುತ್ತ ಕೇಳುತ್ತ ಅವರ ಮುಖ ಬಾಡುತ್ತ ಹೋಯಿತು.

"ಸೀಟಿ ಇಲ್ದೇನೇ ಸಾಲಾಗ್ತಾರಾ?" ಎಂದು ಕೇಳಿದರು.

ಇಲ್ಲದೆಯೇ ಎಂದರು ಮಾಮ.

ಮೂವತ್ತೊಂದು ವರ್ಷ ಸೀಟಿ ಊದಿದ ಮನುಷ್ಯ ಕೊರಳ ಸೀಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ, ನಾಳೆ ನಾನೂ ಬರ್ತೀನಿ, ಕಣ್ಣಾರೆ ನೋಡಬೇಕು ಎಂದು ಇಳಿದು ಹೋದರು. ಹೆಂಡತಿ ಭಾಷಣದ ಬಗ್ಗೆ ಒಂದೇ ಅಭಿಪ್ರಾಯ ಕೊಟ್ಟರು: ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರೆ ಜನ ಕೇಳ್ತಾರೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸ್ತ್ರಿ ಅಂಗಿಯ ಮಾಮ, ಕಂಕುಳಲ್ಲಿ ಸುರುಳಿ ಸುತ್ತಿದ ಚಿತ್ರ, ಹಿಂದೆ ಡ್ರಿಲ್ ಮಾಸ್ತರು, ಪರವಾನಗಿ ಕಚೇರಿಯ ಮೆಟ್ಟಿಲು ಹತ್ತಿದರು. ಮುಖ್ಯಾಧಿಕಾರಿಗಳು ಬಾಗಿಲಲ್ಲೇ ಕಾದಿದ್ದರು. ಎತ್ತರದ ಆಳು, ಮಾತು ಕಡಿಮೆ. ಪಕ್ಕದಲ್ಲಿ ಭಾವ, ಮಗಳ ಮದುವೆಗೆ ಬೀಗರನ್ನು ಎದುರುಗೊಳ್ಳುವವರಂತೆ ಕೈಮುಗಿದು ನಿಂತಿದ್ದರು. ಕೈ ಕುಲುಕಿದ್ದಾಯಿತು. ಸಭಾಂಗಣ ಈ ಕಡೆ ಎಂದು ಮುಖ್ಯಾಧಿಕಾರಿಗಳು ಜೋಡಿ ಬಾಗಿಲು ನೂಕಿದರು.

ಒಳಗೆ ನಾನೂರು ಜನರಿದ್ದರು. ಯಾರೂ ಭಾಷಣಕ್ಕೆ ಬಂದವರಂತೆ ಕಾಣಲಿಲ್ಲ. ನಾಲ್ಕು ಕೌಂಟರು, ಅವುಗಳಲ್ಲಿ ಮೂರನೆಯದಕ್ಕೆ ಒಬ್ಬರ ಮೇಲೊಬ್ಬರು ಬಿದ್ದು, ಮೊಣಕೈ, ಚೀಲ, ಅರ್ಜಿ, ಹೆಲ್ಮೆಟ್ಟು ಎಲ್ಲ ಒಂದೇ ಮುದ್ದೆಯಾಗಿ ಅಲ್ಲಾಡುತ್ತಿತ್ತು. ಹೊಸ ಗಾಜು ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು.

"ಶುರು ಮಾಡಿ" ಎಂದರು ಮುಖ್ಯಾಧಿಕಾರಿಗಳು.

ಮಾಮ ಚಿತ್ರವನ್ನು ಎಲ್ಲಿ ತೂಗುಹಾಕಲಿ ಎಂದು ಕೇಳಿದರು. ಚಿತ್ರ ಯಾಕೆ, ಇವರನ್ನು ಕೂರಿಸಿ ಎಂದರು ಅವರು. ಆ ಕ್ಷಣದಲ್ಲಿ ಭಾನುವಾರದ ಊಟ, ಜೇಬಿನ ಪುಸ್ತಕ, ಮೊಹರಿನ ಪತ್ರ, ಮೂರೂ ಮಾಮನ ತಲೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಭಾವನನ್ನು ಕಂಬದ ಹಿಂದಕ್ಕೆ ಎಳೆದು ಕಿವಿಯಲ್ಲಿ ಹೇಳಿದರು:

"ಭಾವ, ನಾನು ಹೇಳಿದ್ದು ಪರಮಾಣುಗಳ ಬಗ್ಗೆ."

"ಯಾರಾದ್ರೇನು, ಇವರೂ ಅಂಥವರೇ. ಕೂರಿಸಿ."

"ಜನ ಅಲ್ಲ ಭಾವ ಅವರು. ಕಣ್ಣಿಗೆ ಕಾಣಲ್ಲ."

ಭಾವನ ಮುಖದಿಂದ ಬಣ್ಣ ಇಳಿದುಹೋಯಿತು. ಮುಖ್ಯಾಧಿಕಾರಿಗಳಿಗೆ ಅವರು ಕೊಟ್ಟ ಭರವಸೆ ಸಣ್ಣದಾಗಿರಲಿಲ್ಲ. ನಮ್ಮ ತಂಗಿಯ ಗಂಡ ಬಂದು ನಿಂತರೆ ಸಾಕು ಎಂದುಬಿಟ್ಟಿದ್ದರು. ಈಗ ನೆಲಮಾಳಿಗೆಯ ಮೆಟ್ಟಿಲುಗಳು ಕಣ್ಣಿಗೆ ಕಟ್ಟಿ, ಮಾಮನ ತೋಳು ಹಿಡಿದುಕೊಂಡರು. ಆ ಹಿಡಿತದಲ್ಲಿದ್ದ ದೈನ್ಯ ನೋಡಿ ಮಾಮ, ಇಪ್ಪತ್ತೆರಡು ವರ್ಷದಿಂದ ತಮ್ಮನ್ನು ಪಾತ್ರೆ ಬೇಯಿಸುವವರೆಂದು ನಕ್ಕ ಭಾವನನ್ನು ಅಲ್ಲಿಯೇ ಕ್ಷಮಿಸಿದರು. ತಿರುಗಿ ಹೋಗುವ ದಾರಿ ಇರಲಿಲ್ಲ. ಜನರನ್ನು ಕೂರಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಕ್ರಮ. ಅದನ್ನೇ ಮಾಡಲು ಹೊರಟರು.

"ಮೊದಲು ಕೋಣೆ ಖಾಲಿ ಆಗ್ಬೇಕು" ಎಂದು ಮುಖ್ಯಾಧಿಕಾರಿಗಳಿಗೆ ಹೇಳಿದರು.

ಇದನ್ನು ಕೇಳಿ ಡ್ರಿಲ್ ಮಾಸ್ತರ ಕಣ್ಣು ಹೊಳೆಯಿತು. ಎದೆ ಉಬ್ಬಿಸಿ ಸೀಟಿ ಊದಿದರು. ಮೂವತ್ತೊಂದು ವರ್ಷದ ಅನುಭವವೆಲ್ಲ ಆ ಒಂದು ಊದಿನಲ್ಲಿತ್ತು. ನಾನೂರು ಜನರಲ್ಲಿ ಒಬ್ಬರು ಮಾತ್ರ ತಿರುಗಿ ನೋಡಿ, ಮತ್ತೆ ಕೌಂಟರಿನ ಕಡೆ ತಿರುಗಿದರು. ಖಾಲಿ ಮಾಡಿಸಿದ್ದು ಕಸ ಗುಡಿಸುವ ಹೆಂಗಸು. ನೆಲ ತೊಳೆಯಬೇಕಂತೆ ಎಂದು ಭಾವ ಹೇಳಿದ್ದೇ ತಡ, ಆಕೆ ಎರಡು ಬಕೆಟ್ ಫಿನಾಯಿಲ್ ನೀರನ್ನು ಹಿಂದುಮುಂದು ನೋಡದೆ ಹೊಯ್ದುಬಿಟ್ಟಳು. ಚಪ್ಪಲಿ, ಪ್ಯಾಂಟು, ಸೀರೆ ಉಳಿಸಿಕೊಳ್ಳುವ ಆತುರದಲ್ಲಿ ಜನ ಮೂರು ನಿಮಿಷದೊಳಗೆ ಅಂಗಳದಲ್ಲಿದ್ದರು. ಇಷ್ಟು ಬೇಗ ಪಂಪು ಕೂಡ ಕೆಲಸ ಮಾಡುವುದಿಲ್ಲವೆಂದು ಮಾಮ ಮನಸ್ಸಿನಲ್ಲೇ ಆಕೆಗೆ ನಮಸ್ಕಾರ ಹಾಕಿದರು.

ಖಾಲಿಯಾದ ಸಭಾಂಗಣ ನೋಡಲು ದೊಡ್ಡದಾಗಿತ್ತು. ಹಗ್ಗ, ಕಂಬಿ, ಇಲ್ಲಿ ನಿಲ್ಲಬೇಡಿ ಎಂಬ ಹನ್ನೆರಡು ಫಲಕಗಳನ್ನು ಮಾಮ ಹೊರಗೆ ಹಾಕಿಸಿದರು. ಮೂರು ಮೂರು ಸೀಟಿನ ಉಕ್ಕಿನ ಬೆಂಚುಗಳು ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ಜನ ಎಡವುತ್ತಾರೆಂದು ಅವನ್ನು ಎಂದೋ ಎತ್ತಿಟ್ಟಿದ್ದರಂತೆ. ಮಾಮ ಅವನ್ನು ಇಳಿಸಿ, ಎರಡೆರಡನ್ನು ಎದುರುಬದುರಾಗಿ ಜೋಡಿಸಿದರು. ನೆಲದ ಹಾಸುಗಲ್ಲುಗಳನ್ನು ಎಣಿಸಿಕೊಂಡು ಜೋಡಿಯಿಂದ ಜೋಡಿಗೆ ಏಳು ಕಲ್ಲು ದೂರ. ಯಾಕೆ ಏಳು ಎಂದು ಮುಖ್ಯಾಧಿಕಾರಿಗಳು ಕೇಳಿದರು. ನಮ್ಮಲ್ಲಿ ಏಳೇ ಎಂದರು ಮಾಮ. ಅದು ನಿಜವೂ ಆಗಿತ್ತು. ಸಿಲಿಕಾನಿನ ಮೈಮೇಲೆ ಪರಮಾಣುಗಳು ನೆಲೆಸುವ ಮನೆಗಳು ಏಳೇಳರ ಅಳತೆಯಲ್ಲಿ ಬೀಳುತ್ತವೆ. ಆ ಉತ್ತರದ ಗಾಂಭೀರ್ಯಕ್ಕೆ ಮುಖ್ಯಾಧಿಕಾರಿಗಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಬಾಗಿಲು ತೆರೆದರು. ತೆರೆದ ಮರುಗಳಿಗೆಯೇ ಎಲ್ಲ ಕೆಟ್ಟಿತು. ಅಂಗಳದ ಜನ ಅಣೆಕಟ್ಟೆ ಒಡೆದಂತೆ ಒಳನುಗ್ಗಿ, ಬೆಂಚುಗಳ ನಡುವೆ ನೀರಿನಂತೆ ಹರಿದು, ನೆಟ್ಟಗೆ ಹೋಗಿ ಮೂರನೆಯ ಕೌಂಟರಿಗೆ ಬಡಿದರು. ಗಾಜು ಕಿರ್ರೆಂದಿತು. ಭಾವ ಕಣ್ಣು ಮುಚ್ಚಿಕೊಂಡರು. ಡ್ರಿಲ್ ಮಾಸ್ತರು ಬಹಳ ಮೃದುವಾಗಿ, ಸೀಟಿ ಬೇಕಿತ್ತು ಎಂದರು.

ಬೇರೆ ಯಾರಾದರೂ ಆಗಿದ್ದರೆ ಹಿಂಬಾಗಿಲು ಹುಡುಕುತ್ತಿದ್ದರು. ಆದರೆ ಮಾಮ ನಾಲ್ಕು ತಿಂಗಳು ಇಂಥದೇ ಗುಡ್ಡೆಗಳನ್ನು ಪರದೆಯ ಮೇಲೆ ನೋಡಿದವರು. ಗುಡ್ಡೆ ಬಿದ್ದರೆ ಗಾಬರಿಯಾಗಬಾರದು, ಎಲ್ಲಿ ಬಿತ್ತು ಎಂದು ನೋಡಬೇಕು ಎಂಬುದು ಅವರಿಗೆ ಅಭ್ಯಾಸ. ಅವರು ಒಂದು ಬೆಂಚಿನ ಮೇಲೆ ಹತ್ತಿ ನಿಂತರು. ಒಂದು, ಎರಡು, ನಾಲ್ಕನೆಯ ಕೌಂಟರಿನವರು ಆಕಳಿಸುತ್ತಿದ್ದರು. ಎಲ್ಲರೂ ಮೂರನೆಯದಕ್ಕೇ ಯಾಕೆ? ಅಲ್ಲಿ ಬೇರೆ ಕೆಲಸವೇನಾದರೂ ಆಗುತ್ತದೆಯೇ ಎಂದು ಭಾವನನ್ನು ಕೇಳಿದರು. ಇಲ್ಲ, ನಾಲ್ಕರಲ್ಲೂ ಒಂದೇ ಕೆಲಸ. ಹಾಗಾದರೆ ಅಲ್ಲಿ ಏನೋ ಇದೆ. ಮಾಮ ನೆಲ ನೋಡಿದರು, ಗೋಡೆ ನೋಡಿದರು, ಕೊನೆಗೆ ತಲೆಯೆತ್ತಿದರು.

ಸಭಾಂಗಣದಲ್ಲಿ ಎಂಟು ಫ್ಯಾನುಗಳಿದ್ದವು. ತಿರುಗುತ್ತಿದ್ದದ್ದು ಒಂದೇ, ಮೂರನೆಯ ಕೌಂಟರಿನ ಮೇಲೆ.

"ಅದನ್ನ ಆರಿಸಿ" ಎಂದರು ಮಾಮ. ಅವರ ಧ್ವನಿಯಲ್ಲಿ ಶನಿವಾರದ ಉತ್ಸಾಹ ಮರಳಿ ಬಂದಿತ್ತು.

ಮೂರನೆಯ ಕೌಂಟರಿನ ಗುಮಾಸ್ತರು ಎದ್ದು ನಿಂತರು. ಒಂಬತ್ತು ವರ್ಷ ಆ ಫ್ಯಾನಿನ ಕೆಳಗೆ ಸೇವೆ ಸಲ್ಲಿಸಿದ್ದೇನೆ, ಇದು ನ್ಯಾಯವಲ್ಲ ಎಂದು ಅವರು ಮುಖ್ಯಾಧಿಕಾರಿಗಳಿಗೆ ನಿವೇದಿಸಿದರು. ಇದ್ದ ಒಂದೇ ಫ್ಯಾನನ್ನೂ ಆರಿಸಿದರೆ ಸೆಖೆಯಾಗುವುದಿಲ್ಲವೇ ಎಂದು ಮುಖ್ಯಾಧಿಕಾರಿಗಳೂ ಅನುಮಾನಿಸಿದರು. ಆಗ ಭಾವ ಜೇಬಿನ ಪುಸ್ತಕ ಬಿಡಿಸಿ ತೋರಿಸಿದರು. ಸ್ವಲ್ಪ ಬೆಚ್ಚಗಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಫ್ಯಾನು ಆರಿತು. ಕಸ ಗುಡಿಸುವ ಹೆಂಗಸು ಯಾರೂ ಹೇಳದೆಯೇ ಇನ್ನೆರಡು ಬಕೆಟ್ ತಂದಳು. ಜನ ಶಪಿಸುತ್ತ ಮತ್ತೆ ಅಂಗಳಕ್ಕೆ ಹೋದರು.

ಈ ಸಲ ಬಾಗಿಲಿನ ಒಂದೇ ರೆಕ್ಕೆ, ಅದೂ ಅರ್ಧ. ಡ್ರಿಲ್ ಮಾಸ್ತರನ್ನು ಅಲ್ಲಿ ನಿಲ್ಲಿಸಿ, ಐದು ಎಣಿಸಿ ಒಬ್ಬರನ್ನು ಬಿಡಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ ಎಂದರು ಮಾಮ. ನಮ್ಮ ಯಂತ್ರದಲ್ಲಿ ಈ ಕೆಲಸಕ್ಕೆ ಪುಟ್ಟ ಕದವಿದೆ, ಎಲ್ಲಕ್ಕಿಂತ ಮುಖ್ಯವಾದ ಭಾಗ ಅದೇ ಎಂದೂ ಹೇಳಿದರು. ಮಾಸ್ತರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು, ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ, ಎಣಿಸಲು ತೊಡಗಿದರು. ಅಷ್ಟು ಶ್ರದ್ಧೆಯಿಂದ ಐದರವರೆಗೆ ಯಾರೂ ಎಣಿಸಿರಲಾರರು.

ಮೊದಲು ಬಂದವರು ಎದುರಿಗೆ ಬೆಂಚು ಕಂಡು, ಅನುಮಾನದಿಂದ ಅದರ ತುದಿಗೆ ಕೂತರು. ಎರಡನೆಯವರು ಅವರಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋಗಿ ಕೂತರು. ಮೂರನೆಯವರು ಇಬ್ಬರಿಗೂ ಬೆನ್ನು ಹಾಕಿದರು. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಚೀಲ ಅಪ್ಪಿಕೊಂಡು ಕೂತಿರುವುದನ್ನು ನೋಡಿ ಮುಖ್ಯಾಧಿಕಾರಿಗಳು, ಇದೇನಾ ನಿಮ್ಮ ಸಾಲು ಎಂದು ಕೇಳಿದರು. ಇರಿ ಸರ್, ಇನ್ನೂ ಸಾಲದು ಎಂದರು ಮಾಮ. ಏನು ಸಾಲದು ಎಂದು ಕೇಳಿದ್ದಕ್ಕೆ, ಜನ ಎಂದರು.

ಸುಮಾರು ಅರವತ್ತು ಮಂದಿ ಒಳಗೆ ಬಂದಾಗ ಆ ಸಂಗತಿ ನಡೆಯಿತು. ಕನ್ನಡಕ ಮರೆತು ಬಂದ ಒಬ್ಬ ಅಜ್ಜಿ, ಎದುರಿಗೆ ಕೂತಿದ್ದ ಗ್ಯಾರೇಜಿನವನಿಗೆ ಅರ್ಜಿ ಚಾಚಿ ಹನ್ನೊಂದನೆಯ ಕಲಂ ಓದಿ ಹೇಳಪ್ಪ ಎಂದರು. ಅವನು ಓದಿದ: 'ಅರ್ಜಿದಾರರು ಈ ಹಿಂದಿನ ಅರ್ಜಿಯ ಪೂರ್ವದ ಅರ್ಜಿದಾರರೇ ಆಗಿದ್ದಲ್ಲಿ ಅಥವಾ ಆಗಿರದಿದ್ದಲ್ಲಿ ಯಾವುದಲ್ಲವೋ ಅದನ್ನು ಹೊಡೆದುಹಾಕತಕ್ಕದ್ದು.' ಎರಡನೆಯ ಸಲ ಓದಿದರೂ ಅದು ಹಾಗೆಯೇ ಇತ್ತು. ಅವನು ಪಕ್ಕದ ಬೆಂಚಿನಲ್ಲಿದ್ದ ಶಾಲೆಯ ಟೀಚರನ್ನು ಕರೆದ. ಟೀಚರು ಎದ್ದು ಬಂದು ಕೂತು, ತಮಗೂ ಹನ್ನೊಂದೇ ತೊಂದರೆ ಎಂದರು. ಅದನ್ನು ಕೇಳಿ ಆಚೆ ಕೂತಿದ್ದ ಇಬ್ಬರು ಬಂದರು. ಪೆನ್ನು ಇಲ್ಲದ ಒಬ್ಬರು ಪೆನ್ನಿಗಾಗಿ ಬಂದರು. ಆರಾಯಿತು. ಏಳನೆಯವರು ಬಂದಾಗ ಜಾಗವಿರಲಿಲ್ಲ. ಅವರು ಹೋಗಿ ಪಕ್ಕದ ಜೋಡಿಯಲ್ಲಿ ಕೂತು, ನಿಮಗೇನಾದರೂ ಹನ್ನೊಂದು ಗೊತ್ತೇ ಎಂದು ಕೇಳಿದರು.

ಮಾಮ ಬೆಂಚಿನ ಮೇಲಿಂದಲೇ ನೋಡುತ್ತಿದ್ದರು. ಒಂದೊಂದೇ ಜೋಡಿ ತುಂಬುತ್ತ ಬಂತು. ಎದುರುಬದುರು ಮೂರು ಮೂರು ತಲೆ, ನಡುವೆ ಒಂದು ಅರ್ಜಿ, ಅದರ ಮೇಲೆ ಬಾಗಿದ ಆರು ಮುಖ. ಈ ಗೋಡೆಯಿಂದ ಆ ಗೋಡೆಯವರೆಗೆ ಅದೇ. ಭಾವನ ತೋಳನ್ನು ಈಗ ಮಾಮ ಹಿಡಿದುಕೊಂಡಿದ್ದರು, ಬಹಳ ಬಿಗಿಯಾಗಿ.

"ಕೂತ್ರು ಭಾವ" ಎಂದರು.

ಬೆಂಚು ತುಂಬಿದ ಮೇಲೆ ಮಾಸ್ತರು ಬಾಗಿಲು ಮುಚ್ಚಿ, ಒಂದು ಗುಂಪು ಎದ್ದರೆ ಮಾತ್ರ ಮತ್ತೆ ಎಣಿಸುವೆನೆಂದು ಹೊರಗಿನವರಿಗೆ ಹೇಳಿದರು. ಅಂಗಳದ ಜನ ಇದನ್ನು ಒಪ್ಪಿ ನೆರಳಿನಲ್ಲಿ ಕೂತರು, ತಾವಾಗಿಯೇ.

ಇನ್ನೊಂದು ತೊಡಕು ತಲೆಯೆತ್ತಿದ್ದು ಆಗ. ಕೂತವರು ಏಳಲೊಲ್ಲರು. ಒಂದನೆಯ ಕೌಂಟರಿನವರು ಹೆಸರು ಹಿಡಿದು ಕೂಗಿದರೂ ಯಾರೂ ಬರಲಿಲ್ಲ. ಗ್ಯಾರೇಜಿನವನನ್ನು ಕರೆದಾಗ ಅವನು, ಅಜ್ಜಿದು ಇನ್ನೂ ಅಂಟಿಸಬೇಕು, ಆಮೇಲೆ ಎಲ್ಲರೂ ಬರ್ತೀವಿ ಎಂದು ಅಲ್ಲಿಂದಲೇ ಉತ್ತರಿಸಿದ. ಗುಮಾಸ್ತರು ಬಂದು ದೂರು ಹೇಳಿದರು. ಮುಖ್ಯಾಧಿಕಾರಿಗಳು ಮಾಮನ ಕಡೆ ನೋಡಿದರು. ಒಮ್ಮೆ ಆರಾದರೆ ಬಿಡಿಸಲು ಬಹಳ ಕಷ್ಟ ಸರ್, ಅವರ ಸ್ವಭಾವವೇ ಹಾಗೆ ಎಂದರು ಮಾಮ.

ಕಾಲು ಗಂಟೆಯ ಮೇಲೆ ಆ ಮೊದಲ ಆರೂ ಮಂದಿ ಒಟ್ಟಿಗೆ ಎದ್ದು ಒಂದನೆಯ ಕೌಂಟರಿಗೆ ಹೋಗಿ ಆರು ಅರ್ಜಿ ಇಟ್ಟರು. ಗುಮಾಸ್ತರು ಮೊದಲನೆಯದನ್ನು ಕೈಗೆತ್ತಿಕೊಂಡು ತಪ್ಪು ಹುಡುಕಿದರು. ಸಿಗಲಿಲ್ಲ. ಹಿಂದುಮುಂದು ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. ಹನ್ನೊಂದನೆಯ ಕಲಂ ಕೂಡ ಸರಿಯಾಗಿತ್ತು. ಅದು ಸರಿಯಾಗಿದ್ದರೆ ಹೇಗಿರುತ್ತದೆಂದು ಅವರು ನೋಡಿದ್ದು ಅದೇ ಮೊದಲು. ಇಷ್ಟು ದಿನ ಹತ್ತರಲ್ಲಿ ಆರು ಅರ್ಜಿ ವಾಪಸ್ಸು ಹೋಗಿ, ಆ ಆರೂ ಜನ ಮರುದಿನ ಮತ್ತೆ ಬಂದು ನೂಕುತ್ತಿದ್ದರು. ಈಗ ಹಿಂದಕ್ಕೆ ಕೊಡಲು ಏನೂ ಇಲ್ಲದೆ, ಗುಮಾಸ್ತರು ಬೇರೆ ದಾರಿ ಕಾಣದೆ ಮೊಹರು ಹಾಕಿದರು. ಮುಖ್ಯಾಧಿಕಾರಿಗಳು ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದರು.

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಪ್ರೊಫೆಸರ್ ಮೇಡಂ ಭಾಷಣ ಮುಗಿದೇಹೋಯಿತೇನೋ ಎಂದು ಆತುರದಿಂದ ಒಳಗೆ ಬಂದರು. ಮುಖ್ಯಾಧಿಕಾರಿಗಳು ಅವರನ್ನು ಬರಮಾಡಿಕೊಂಡು, ನಿಮ್ಮವರು ದೊಡ್ಡ ಕೆಲಸ ಮಾಡಿದರು, ನಿಮ್ಮಲ್ಲಿ ದಿನಕ್ಕೆ ಎಷ್ಟು ಜನರನ್ನು ಕೂರಿಸುತ್ತಾರೆ ಎಂದು ಕೇಳಿದರು. ಮೇಡಂಗೆ ಪ್ರಶ್ನೆ ಅರ್ಥವಾಗಲಿಲ್ಲ. ಮಾಮನಿಗೆ ಅರ್ಥವಾಯಿತು. ಬೆಂಚಿನಿಂದ ಇಳಿದು, ಇಸ್ತ್ರಿ ಅಂಗಿ ಬೆವರಿನಲ್ಲಿ ಅಂಟಿಕೊಂಡಿದ್ದಂತೆಯೇ ಇಬ್ಬರ ಎದುರು ನಿಂತರು.

"ಸರ್, ನಮ್ಮವರು ಜನ ಅಲ್ಲ. ಲೋಹದ ಪರಮಾಣುಗಳು. ನಾನು ಪರಿಣತನೂ ಅಲ್ಲ. ಪೆಟ್ಟಿಗೆಗೆ ಹಾಳೆ ಸುತ್ತೋನು. ಊಟಕ್ಕೆ ಕೂತಾಗ ಸ್ವಲ್ಪ ಜಾಸ್ತಿ ಮಾತಾಡಿಬಿಟ್ಟೆ."

ಮುಖ್ಯಾಧಿಕಾರಿಗಳು ನಿಧಾನವಾಗಿ ಭಾವನ ಕಡೆ ತಿರುಗಿ, ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು. ಭಾವ ಒಂದು ಸಲ ನೆಲಮಾಳಿಗೆಯ ಬಾಗಿಲು ನೋಡಿದರು, ಒಂದು ಸಲ ತಂಗಿಯ ಗಂಡನನ್ನು ನೋಡಿದರು.

"ಬೆಳಿಗ್ಗೆನೇ ಗೊತ್ತಾಯ್ತು ಸರ್. ಆದ್ರೂ ಇವರ ಮೇಲೆ ನಂಬಿಕೆ ಇತ್ತು."

ಇದರ ಎರಡನೆಯ ಭಾಗ ಆ ಕ್ಷಣದವರೆಗೆ ಸುಳ್ಳಾಗಿತ್ತು; ಆಡಿದ ಮೇಲೆ ನಿಜವಾಯಿತು. ಮುಖ್ಯಾಧಿಕಾರಿಗಳು ಗಾಜನ್ನು ನೋಡಿದರು. ಅದು ಇಡಿಯಾಗಿತ್ತು. ನಾಳೆಯೂ ಬೆಂಚು ಹೀಗೆಯೇ ಇರಲಿ, ಎಂಟೂ ಫ್ಯಾನು ರಿಪೇರಿಯಾಗಲಿ, ಇಲ್ಲವೇ ಒಂದೂ ಬೇಡ ಎಂದು ಭಾವನಿಗೆ ಹೇಳಿ, ಮಾಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮಾಮ ಹೆದರಿದ್ದು ಮೇಡಂಗೆ. ಆದರೆ ಮೇಡಂ ಇವರ ಮಾತು ಕೇಳಿಸಿಕೊಂಡ ಹಾಗೇ ಇರಲಿಲ್ಲ. ಕನ್ನಡಕ ಮೇಲೆತ್ತಿ ಸಭಾಂಗಣವನ್ನು ನೋಡುತ್ತಿದ್ದರು. ಬಾಯಲ್ಲಿ ಎಣಿಕೆ ನಡೆದಿತ್ತು. ನೆಲಕ್ಕೆ ಏನು ಹಾಕಿದಿರಿ ಎಂದು ಕೇಳಿದರು. ಫಿನಾಯಿಲ್ ಎಂದರು ಮಾಮ. ಎಷ್ಟು ನಿಧಾನಕ್ಕೆ ಬಿಟ್ಟಿರಿ? ಐದು ಎಣಿಸಿ ಒಬ್ಬರು. ಗುಡ್ಡೆ ಬೀಳಲಿಲ್ಲವೇ? ಮೊದಲು ಬಿತ್ತು ಮೇಡಂ, ಫ್ಯಾನು ಆರಿಸಿದ ಮೇಲೆ ಇಲ್ಲ. ಮೇಡಂ ತಲೆದೂಗುತ್ತ, ಅಲ್ಲೊಂದು ಖಾಲಿ ಉಳಿದಿದೆ ಎಂದರು, ಪರದೆಯ ಮುಂದೆ ಹೇಳುವ ಧ್ವನಿಯಲ್ಲಿಯೇ. ಐದೇ ಜನ ಕೂತಿದ್ದ ಒಂದು ಜೋಡಿಯ ಕಡೆ ಯಾರೋ ಎಳೆದಂತೆ ನಡೆದುಹೋಗಿ ಆರನೆಯವರಾಗಿ ಕೂತುಬಿಟ್ಟರು.

ಗುಂಪು ಅವರನ್ನು ಕೂಡಲೇ ವಹಿಸಿಕೊಂಡಿತು. ನಿಮ್ಮ ಅರ್ಜಿ ಎಲ್ಲಿ ಎಂದು ಹೂವಿನ ಅಂಗಡಿಯವಳು ಕೇಳಿದಳು. ಸುಮ್ಮನೆ ನೋಡಲು ಬಂದೆ ಎಂದರು ಮೇಡಂ. ಆ ಕಚೇರಿಗೆ ಯಾರಾದರೂ ಸುಮ್ಮನೆ ನೋಡಲು ಬರುತ್ತಾರೆಂದು ಐವರಲ್ಲಿ ಒಬ್ಬರೂ ನಂಬಲಿಲ್ಲ. ನಾಚಿಕೊಳ್ಳಬೇಡಿ, ಲೈಸೆನ್ಸ್ ತೆಗೀರಿ ನೋಡೋಣ ಎಂದು ಬಸ್ಸಿನ ಡ್ರೈವರು ಕೈ ಚಾಚಿದರು. ಮೇಡಂ ಚೀಲ ತಡಕಿ ತೆಗೆದುಕೊಟ್ಟರು. ಡ್ರೈವರು ಅದನ್ನು ಓದಿ, ಪಕ್ಕದವರಿಗೆ ಕೊಟ್ಟು, ಅದು ಐದು ಕೈ ಸುತ್ತಿ ಮೇಡಂ ಕೈಗೇ ಬಂತು. ಅವಧಿ ಮುಗಿದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಹೇಗೆ ಬಂದಿರಿ ಎಂದು ಡ್ರೈವರು ದನಿ ತಗ್ಗಿಸಿ ಕೇಳಿದರು. ಕಾರಿನಲ್ಲಿ, ನಾನೇ ಓಡಿಸಿಕೊಂಡು ಎಂದು ಮೇಡಂ ಅದಕ್ಕಿಂತ ತಗ್ಗಿಸಿ ಹೇಳಿದರು. ಹಿಂದೆ ನಿಂತಿದ್ದ ಮುಖ್ಯಾಧಿಕಾರಿಗಳು ಆ ಹೊತ್ತಿಗೆ ಸರಿಯಾಗಿ ಫ್ಯಾನುಗಳನ್ನು ಪರೀಕ್ಷಿಸಲು ತಲೆ ಮೇಲೆತ್ತಿದರು.

ಅರ್ಜಿ ಬಂತು, ಪೆನ್ನು ಬಂತು. ಹನ್ನೊಂದನೆಯ ಕಲಂ ಎದುರು ಪ್ರೊಫೆಸರ್ ಮೇಡಂ ಐದು ನಿಮಿಷ ಪೆನ್ನು ಎತ್ತಿ ಇಳಿಸಿ ಮಾಡಿದರು. ಕೊನೆಗೆ ಹೂವಿನವಳೇ ಯಾವುದನ್ನು ಹೊಡೆಯಬೇಕೆಂದು ಬೆರಳಿಟ್ಟು ತೋರಿಸಿದಳು. ಆರೂ ಮಂದಿ ಎದ್ದು ಎರಡನೆಯ ಕೌಂಟರಿಗೆ ಹೋದರು. ಫೋಟೋ ತೆಗೆಯುವಾಗ ಒಬ್ಬರೇ ಇರಬೇಕು ಎಂದು ಗುಮಾಸ್ತರು ಹೇಳಿದ್ದನ್ನು ಗುಂಪು ಕಿವಿಗೆ ಹಾಕಿಕೊಳ್ಳಲಿಲ್ಲ. ನಗಬೇಡಿ ಎಂದದ್ದನ್ನು ಮೇಡಂ ಪಾಲಿಸಲು ಆಗಲಿಲ್ಲ.

ಲೈಸೆನ್ಸ್ ಅಂಚೆಯಲ್ಲಿ ಬರಲು ಹತ್ತು ದಿನ ಹಿಡಿಯಿತು. ಅದುವರೆಗೂ ಮೇಡಂ ಮಾಮನ ಜೊತೆ ಬಸ್ಸಿನಲ್ಲೇ ಓಡಾಡಿದರು. ದಾರಿಯುದ್ದಕ್ಕೂ ಗುಡ್ಡೆ, ಸಾಲು, ಹದವಾದ ಬಿಸಿ ಎಂದು ಇಬ್ಬರೂ ಮಾತಾಡುತ್ತಿದ್ದರೆ ಸುತ್ತಲಿನವರು ಇವರು ಅಡುಗೆ ಗುತ್ತಿಗೆದಾರರಿರಬೇಕು ಎಂದುಕೊಂಡರು. ಹೊಸ ಲೈಸೆನ್ಸಿನಲ್ಲಿ ಮೇಡಂ ಬಾಯಿತುಂಬ ನಗುತ್ತಿದ್ದಾರೆ. ಚಿತ್ರದ ಎಡ ಅಂಚಿನಿಂದ ಬಳೆ ತೊಟ್ಟ ಒಂದು ಕೈ ಬಂದು ಅವರ ಹಣೆಯ ಮೇಲಿನ ಕೂದಲು ಸರಿಮಾಡುತ್ತಿದೆ.

ಮೊನ್ನೆ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದ ಪೊಲೀಸಿನವರು ಅದನ್ನು ಬಹಳ ಹೊತ್ತು ನೋಡಿ, ಇದು ಯಾರ ಕೈ ಎಂದು ಕೇಳಿದರಂತೆ.

"ನಮ್ಮ ಗುಂಪಿನವರದು" ಎಂದರಂತೆ ಮೇಡಂ.